ಓ ಅನ್ನಲು ಒಬ್ಬರು

ಫೆಬ್ರವರಿ ೮

ಪಾಪು,

ನಲವತ್ತು ದಾಟಿ, ಅರ್ಧ ತಲೆ ಬೋಳಾದವನನ್ನು ಪಾಪು ಎಂದು ಕರೆಯಲು ನನಗೇನೂ ಆಸೆಯಿಲ್ಲ. ಆದರೆ ಈ ಮನೆಯಲ್ಲಿ ದಿನವಿಡೀ ಕೇಳುವ ಹೆಸರು ಅದೊಂದೇ, ಹಾಗಾಗಿ ಪೆನ್ನಿಗೂ ಅದೇ ಬರುತ್ತದೆ. ಅಮ್ಮನಿಗೆ ನೀರು ಬೇಕಾದರೂ ‘ಪಾಪೂ’, ಹೊದಿಕೆ ಜಾರಿದರೂ ‘ಪಾಪೂ’. ನಾನು ಮಹಡಿಯಿಂದ ‘ಓ’ ಎಂದು ಇಳಿದು ಹೋಗುತ್ತೇನೆ. ನನ್ನ ಮುಖ ನೋಡಿ ಒಂದು ಗಳಿಗೆ ತಡೆದು, “ನೀನಾ? ಇರ್ಲಿ ಬಿಡು” ಅನ್ನುತ್ತಾಳೆ. ಪಾರ್ಶ್ವವಾಯು ಬಡಿದು ಎರಡು ವರ್ಷವಾಯಿತು. ಅವಳ ಬಲಗೈ ಸುಮ್ಮನಿರುವುದಕ್ಕೆ ನಾನು ಒಗ್ಗಿಕೊಂಡಿದ್ದೇನೆ, ಈ ‘ಇರ್ಲಿ ಬಿಡು’ಗೆ ಇನ್ನೂ ಒಗ್ಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸ ನಿನಗೆ ಗೊತ್ತು, ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಕಳಿಸಿದ ಧ್ವನಿಯನ್ನು ಕೇಳಿ ಟೈಪ್ ಮಾಡುವುದು. ನಮ್ಮಲ್ಲೇ ಕೆಲಸ ಮಾಡುವ ಒಬ್ಬಳ ಮನೆಯಲ್ಲಿ ಟಿವಿಗೆ ಹಾಕಿದ್ದ ಅಗ್ಗದ ಪೆಟ್ಟಿಗೆಯೊಂದರ ಮೂಲಕ ಯಾರೋ ಒಳಗೆ ನುಗ್ಗಿ, ಅವಳ ಕಂಪ್ಯೂಟರಿನಲ್ಲಿದ್ದ ರೋಗಿಗಳ ವಿವರವನ್ನೆಲ್ಲ ಎತ್ತಿಕೊಂಡು ಹೋಗಿದ್ದಾರೆ. ಅವಳು ಮಾಡಿದ್ದಕ್ಕೆ ನಮಗೆಲ್ಲ ಶಿಕ್ಷೆ. ಇನ್ನು ಮೇಲೆ ಮನೆಯಿಂದ ಕೆಲಸ ಮಾಡುವವರ ಕಂಪ್ಯೂಟರು ಮನೆಯ ಬೇರಾವ ವಸ್ತುವಿನ ಜೊತೆಗೂ ಒಂದೇ ಜಾಲದಲ್ಲಿ ಇರಕೂಡದಂತೆ. ಏಪ್ರಿಲಿನಲ್ಲಿ ಪರಿಶೀಲಕ ಮನೆಗೇ ಬಂದು ನೋಡುತ್ತಾನೆ. ಸರಿಯಿಲ್ಲದಿದ್ದರೆ ದಿನಾ ಆಫೀಸಿಗೆ ಹೋಗಬೇಕು. ನಾನು ಆಫೀಸಿಗೆ ಹೋದರೆ ಅಮ್ಮ ಆರೈಕೆ ಮನೆಗೆ ಹೋಗಬೇಕು. ಬೆಳಿಗ್ಗೆ ಬರುವ ನರ್ಸಮ್ಮ ಸ್ನಾನ ಮಾಡಿಸಿ, ಕೈಕಾಲು ಆಡಿಸಿ ಹೊರಟುಬಿಡುತ್ತಾರೆ, ಆಮೇಲೆ ನಾನೇ.

ಇಲ್ಲಿ ಇಂಟರ್ನೆಟ್ಟಿನವರು ಕೊಟ್ಟ ಒಂದೇ ಒಂದು ಬಿಳಿ ಪೆಟ್ಟಿಗೆ ಇದೆ. ನನ್ನ ಕಂಪ್ಯೂಟರು, ಟಿವಿ, ಅಮ್ಮನ ಕೋಣೆಯ ಕ್ಯಾಮೆರಾ, ಹೋದ ವರ್ಷ ನೀನು ಕಳಿಸಿದ ಚಾಪೆ, ಎಲ್ಲವೂ ಅದಕ್ಕೇ ಜೋತುಬಿದ್ದಿವೆ. ಆ ಚಾಪೆಯಿಲ್ಲದಿದ್ದರೆ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವಂತೆಯೇ ಇರಲಿಲ್ಲ. ಮಂಚದಿಂದ ಅಮ್ಮ ಅದರ ಮೇಲೆ ಕಾಲಿಳಿಸಿದರೆ ಸಾಕು, ಮೇಜಿನ ಮೇಲೆ ನನ್ನ ಫೋನು ಗಡಗಡ ನಡುಗುತ್ತದೆ.

ಯಾವ ರೌಟರ್ ಕೊಳ್ಳಲಿ, ಹೇಗೆ ಬೇರೆ ಮಾಡಲಿ, ನೀನೇ ಬರೆದು ಕಳಿಸು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ‘ಹೂಂ’, ‘ಸರಿ’ ಬಿಟ್ಟರೆ ಮೂರನೆಯ ಮಾತು ಹೊರಡುವುದಿಲ್ಲ.

ಸುಸ್ತಾಗಿರುವ
ಅಕ್ಕ


ಫೆಬ್ರವರಿ ೨೪

ಅಕ್ಕ,

ಕಾಗದ ತಲುಪಿತು. ಇಲ್ಲಿಗೆ ಟಪಾಲು ವಾರಕ್ಕೊಮ್ಮೆ, ಶುಕ್ರವಾರದ ಗಾಡಿಯಲ್ಲಿ. ಅದೇ ಗಾಡಿಯಲ್ಲಿ ತರಕಾರಿಯೂ ಬರುವುದರಿಂದ ನಿನ್ನ ಕಾಗದಕ್ಕೆ ಈರುಳ್ಳಿ ವಾಸನೆ ಹತ್ತಿತ್ತು.

ಫೋನಿನ ಬಗ್ಗೆ ನೀನು ಹೇಳಿದ್ದು ನಿಜ. ಈ ಕಣಿವೆಯಲ್ಲಿ ಇರುವುದೇ ಒಂದು ತಂತಿಯ ಫೋನು, ಅದು ಕಾವಲುಗಾರನ ಮೇಜಿನ ಮೇಲಿದೆ. ಮೊಬೈಲು, ವೈಫೈ ಯಾವುದೂ ಕೂಡದು. ನಮ್ಮ ದೊಡ್ಡ ದೂರದರ್ಶಕ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಕೇಳುತ್ತದೆ, ಪಕ್ಕದಲ್ಲಿ ಏನು ಪಿಸುಗುಟ್ಟಿದರೂ ಅದಕ್ಕೆ ಗದ್ದಲ. ಆಂಟೆನಾ ಕಟ್ಟಿದ ವ್ಯಾನಿನಲ್ಲಿ ಸುತ್ತಿ, ಕದ್ದು ಅಲೆ ಬಿಡುವವರನ್ನು ಹಿಡಿಯುವುದು ನನ್ನ ಕೆಲಸ. ಹೋದ ವಾರ ನಿರ್ದೇಶಕರ ವೈರ್‌ಲೆಸ್ ಮೌಸನ್ನೇ ವಶಪಡಿಸಿಕೊಂಡೆ. ಹದಿನೈದು ವರ್ಷ ಜನರಿಗೆ ಜಾಲ ಹಾಕಿಕೊಟ್ಟವನು ಈಗ ಕಿತ್ತುಕೊಳ್ಳುತ್ತಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತದೆ.

ರೌಟರ್ ವಿಚಾರ. ಅಂಗಡಿಯವನು ಮೊದಲು ಎಂಟು ಆಂಟೆನಾ ನೆಟ್ಟಗೆ ನಿಂತ, ಕೆಂಪು ದೀಪ ಮಿಣುಕುವ ಒಂದನ್ನು ತೋರಿಸುತ್ತಾನೆ. ಚೆನ್ನಾಗಿದೆ ಅಂದು ಕೆಳಗಿಡು. ನಿನಗೆ ಬೇಕಾದದ್ದು ಆಂಟೆನಾವೇ ಇಲ್ಲದ, ನೋಡಲು ಬಡಪಾಯಿಯಂಥ ಒಂದು ಪುಟ್ಟ ಪೆಟ್ಟಿಗೆ. ಅವನನ್ನು ಹೀಗೆ ಕೇಳು: ಒಂದೇ ತಂತಿಯಲ್ಲಿ ನಾಲ್ಕು ಬೇರೆ ಜಾಲ ಓಡಿಸುತ್ತದೆಯೇ? ಯಾವ ಜಾಲದಿಂದ ಯಾವುದಕ್ಕೆ ಏನು ಹೋಗಬಹುದು ಎಂಬ ನಿಯಮವನ್ನು ನಾವೇ ಬರೆಯಬಹುದೇ? ಕಂಪನಿ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತದೆ? ಕೊನೆಯದಕ್ಕೆ ತಡವರಿಸಿದರೆ ಆ ಪೆಟ್ಟಿಗೆ ಬೇಡ. ಜೊತೆಗೆ ಅಂಥದೇ ಜಾಲಗಳನ್ನು ಬಲ್ಲ, ತಂತಿಗಳನ್ನು ಹಂಚುವ ಒಂದು ಸ್ವಿಚ್ಚು, ಮೇಲೊಂದು ಕೆಳಗೊಂದು ಚಾವಣಿಗೆ ಅಂಟಿಸುವ ವೈಫೈ ತಟ್ಟೆ. ನಿನ್ನ ಕೆಲಸದ ಕಂಪ್ಯೂಟರಿಗೆ ಮಾತ್ರ ವೈಫೈ ಬೇಡ, ತಂತಿಯನ್ನೇ ಎಳೆಸು. ಬಿಳಿ ಪೆಟ್ಟಿಗೆಯ ವೈಫೈ ಆರಿಸಿಬಿಡು. ಅದು ಹೊರಗಿನ ತಂತಿಯನ್ನು ಒಳಗೆ ತರುವ ಕೆಲಸಕ್ಕಷ್ಟೇ ಇರಲಿ.

ಯಾವ ತಂತಿ ಎಲ್ಲಿಗೆ ಎಂದು ಹಿಂದಿನ ಪುಟದಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಅಮ್ಮನಿಗೆ ಹೇಳು, ಚೆನ್ನಾಗಿದ್ದೇನೆ ಎಂದು.

ನಿನ್ನ
ತಮ್ಮ


ಮಾರ್ಚ್ ೧೭

ಪಾಪು,

ನೀನು ಹೇಳಿದ ಹಾಗೇ ಆಯಿತು. ಅಂಗಡಿಯವನು ಮೊದಲು ಎಂಟು ಕೊಂಬಿನದನ್ನೇ ತಂದಿಟ್ಟ. ನಾನು ಬೇಡ ಅಂದೆ. “ಮೇಡಂ, ಇದರಷ್ಟು ಸ್ಪೀಡ್ ಇನ್ಯಾವುದೂ ಇಲ್ಲ, ಮನೇಲಿ ಮಕ್ಕಳು ಖುಷಿಯಾಗ್ತಾರೆ” ಅಂದ. “ಮನೇಲಿರೋ ಮಗೂಗೆ ಎಪ್ಪತ್ತಾರು ವರ್ಷ” ಅಂದೆ. ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿದ್ದಕ್ಕೆ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಕೊನೆಗೆ ಧೂಳು ಹಿಡಿದ ಕಪಾಟಿನಿಂದ ನಿನ್ನ ಬಡಪಾಯಿ ಪೆಟ್ಟಿಗೆ ಹೊರಬಂತು. ತೂಕ ನೋಡಿದರೆ ಇಟ್ಟಿಗೆ.

ಕೇಬಲಿನವನು ಎರಡು ದಿನ ಮನೆಯನ್ನು ರಣರಂಗ ಮಾಡಿದ. ಅಮ್ಮನ ಕೋಣೆಯ ಚಾವಣಿಗೆ ತೂತು ಕೊರೆಯುವಾಗ ಅವಳು ಅವನನ್ನೇ ನೋಡುತ್ತಿದ್ದು, “ಪಾಪು, ಹುಷಾರು, ಏಣಿ ಅಲ್ಲಾಡ್ತಿದೆ” ಅಂದಳು. ಅವನು ಪಾಪ, “ಆಯ್ತಮ್ಮ” ಅಂದ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ಈಗ ಪೆಟ್ಟಿಗೆಗಳೆಲ್ಲ ಕೂತಿವೆ, ನಾಲ್ಕು ಜಾಲಕ್ಕೂ ಹೆಸರಿಟ್ಟಿದ್ದೇನೆ: ಕೆಲಸ, ಮನೆ, ವಸ್ತು, ಅತಿಥಿ. ನಿಯಮ ಮಾತ್ರ ಬರೆದಿಲ್ಲ, ಅದು ನಿನ್ನ ಪಾಲು. ಇನ್ನೊಂದು ಪ್ರಶ್ನೆ. ನೀನು ಬಂದಾಗ ನಿನ್ನ ಫೋನು ಯಾವುದಕ್ಕೆ ಸೇರಬೇಕು? ಬಂದಾಗ ಅಂದೆ, ಯಾವಾಗ ಅಂತ ಕೇಳಲಿಲ್ಲ, ಹೆದರಬೇಡ.

ಬೇಕರಿ ನಡೆಸುವ ನನ್ನ ಗೆಳತಿ ಕಡಲ ಹತ್ತಿರದ ಅವಳ ಮನೆಗೆ ನಾಲ್ಕು ದಿನ ಬಂದಿರು ಅಂತ ಮತ್ತೆ ಕರೆದಿದ್ದಳು. ನಗು ಬಂತು. ನಾಲ್ಕು ಗಂಟೆ ಸಿಕ್ಕರೆ ನಾನು ಕಡಲಿಗಲ್ಲ, ಹಾಸಿಗೆಗೆ ಹೋಗುತ್ತೇನೆ.

ಇಂತಿ, ಮೈಯೆಲ್ಲ ಸಿಮೆಂಟಿನ ಪುಡಿಯಾದ
ಅಕ್ಕ


ಏಪ್ರಿಲ್ ೨

ಅಕ್ಕ,

ನಿಯಮಗಳನ್ನು ಬರೆಯುತ್ತಿದ್ದೇನೆ, ಇದೇ ಕ್ರಮದಲ್ಲಿ ಮಾಡು.

ಮೊದಲು ‘ಕೆಲಸ’. ಅದು ಇಂಟರ್ನೆಟ್ಟಿಗೆ ಮಾತ್ರ ಹೋಗಲಿ, ಮನೆಯೊಳಗೆ ಯಾರನ್ನೂ ನೋಡದಿರಲಿ, ಯಾರೂ ಅದನ್ನು ನೋಡದಿರಲಿ. ಆಮೇಲೆ ‘ಅತಿಥಿ’ಯೂ ಹಾಗೇ, ಹೊರಗಿನ ದಾರಿ ಉಂಟು, ಮನೆಯ ಒಂದು ವಸ್ತುವೂ ಕಾಣಿಸದು. ನಂತರ ‘ಮನೆ’. ನಿನ್ನ ಫೋನು ಇಲ್ಲಿರಲಿ, ಅದು ‘ವಸ್ತು’ವಿನೊಳಗೆ ಇಣುಕಬಹುದು. ಇಷ್ಟು ಮಾಡಿ ಕ್ಯಾಮೆರಾ, ಚಾಪೆ ಎರಡನ್ನೂ ಪರೀಕ್ಷೆ ಮಾಡಿ ನೋಡು. ಕೊನೆಗೆ ‘ವಸ್ತು’ವಿಗೆ ಬೀಗ. ಟಿವಿ, ಕ್ಯಾಮೆರಾ, ಚಾಪೆಯ ಪೆಟ್ಟಿಗೆ, ಇವು ಹೊರಗೂ ಹೋಗಬಾರದು, ತಾವಾಗಿ ‘ಮನೆ’ಯ ಬಾಗಿಲನ್ನೂ ತಟ್ಟಬಾರದು. ಕೇಳಿದರೆ ಉತ್ತರ ಕೊಡಲಿ, ತಾವೇ ಮಾತಿಗೆ ಬರುವುದು ಬೇಡ. ಅಗ್ಗದ ಕ್ಯಾಮೆರಾಗಳು ಅಮ್ಮ ಮಲಗಿರುವ ಚಿತ್ರವನ್ನು ಎಲ್ಲೆಲ್ಲಿಗೋ ಕಳಿಸುತ್ತವೆ, ಅದು ನನಗೆ ಸರಿಬರುವುದಿಲ್ಲ.

ನನ್ನ ಫೋನನ್ನು ಅತಿಥಿಗೇ ಹಾಕು. ವರ್ಷಕ್ಕೊಮ್ಮೆ ಬಂದುಹೋಗುವವನಿಗೆ ಅಷ್ಟು ಸಾಕು.

ಕೇಬಲಿನವನನ್ನು ಅಮ್ಮ ನಾನು ಅಂದುಕೊಂಡಳು ಎಂದು ನೀನು ಬರೆದಿದ್ದೆ. ಆ ಸಾಲಿಗೆ ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ.

ನಿನ್ನ
ತಮ್ಮ


ಏಪ್ರಿಲ್ ೨೩

ಪಾಪು,

ಗೆದ್ದೆವು! ಪರಿಶೀಲಕ ನಿನ್ನೆ ಬಂದಿದ್ದ. ಶೂ ಬಿಚ್ಚದೆ ಮಹಡಿ ಹತ್ತಿ, ತನ್ನ ಲ್ಯಾಪ್‌ಟಾಪನ್ನು ಒಂದೊಂದು ಜಾಲಕ್ಕೂ ಸೇರಿಸಿ ಬಡಿದು, ತಟ್ಟಿ, ಎಲ್ಲಿಂದಲೂ ನನ್ನ ಕಂಪ್ಯೂಟರ್ ಕಾಣದೆ, “ಇದನ್ನ ಯಾರು ಮಾಡಿದ್ದು?” ಅಂತ ಕೇಳಿದ. “ನಾನೇ” ಅಂದೆ. ನಿನ್ನ ಹೆಸರು ಹೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಎರಡು ವರ್ಷದಲ್ಲಿ ಯಾರಾದರೂ ನನ್ನನ್ನು ಮೆಚ್ಚುಗೆಯಿಂದ ನೋಡಿದ್ದು ಅದೇ ಮೊದಲು.

ನೀನು ಹೇಳಿದ ಕ್ರಮದಲ್ಲೇ ಮಾಡಿದೆ. ಮೂರನೆಯದಾದ ಮೇಲೆ ಚಾಪೆಯ ಮೇಲೆ ನಾನೇ ನಿಂತು ನೋಡಿದೆ, ಫೋನು ನಡುಗಿತು. ಅಮ್ಮ, “ಅದರ ಮೇಲೆ ಯಾಕೆ ಕುಣೀತಿದ್ದೀಯ?” ಅಂದಳು. ಆಮೇಲೆ ಕೊನೆಯ ಬೀಗ ಹಾಕಿದೆ. ಈಗ ಫೋನಿನಲ್ಲಿ ಅಮ್ಮ ಕಾಣುತ್ತಾಳೆ, ನಿದ್ದೆ ಹೋಗಿದ್ದಾಳೆ. ಆರೈಕೆ ಮನೆಯ ಮಾತು ಇನ್ನು ಬೇಡ.

ನಾನೂ ಮಲಗುತ್ತೇನೆ.

ಅಕ್ಕ


ಏಪ್ರಿಲ್ ೨೬

ಅಕ್ಕ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ವ್ಯಾನಿನಲ್ಲಿ ಹೋಗುತ್ತಿದ್ದಾಗ ಒಂದು ಹೊಳೆಯಿತು. ಕ್ಯಾಮೆರಾ ಸುಮ್ಮನೆ ಕೂತಿರುತ್ತದೆ, ನಿನ್ನ ಫೋನು ಹೋಗಿ ನೋಡುತ್ತದೆ. ಚಾಪೆ ಹಾಗಲ್ಲ. ಅಮ್ಮ ಕಾಲಿಟ್ಟಾಗ ಚಾಪೆಯ ಪೆಟ್ಟಿಗೆಯೇ ಮೊದಲು ನಿನ್ನ ಫೋನಿನ ಬಾಗಿಲು ತಟ್ಟುತ್ತದೆ. ನಾನು ಬರೆದ ಕೊನೆಯ ಬೀಗ ಅದನ್ನು ತಡೆಯುತ್ತದೆ. ಬೀಗ ಹಾಕಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡು ಎಂದು ನಾನು ಬರೆಯಲೂ ಇಲ್ಲ.

ಚಾಪೆಯಿಂದ ನಿನ್ನ ಫೋನಿಗೆ ಒಂದೇ ಒಂದು ದಾರಿ ತೆರೆಯಬೇಕು. ಎಲ್ಲಿ ಒತ್ತಬೇಕು, ಏನು ಬರೆಯಬೇಕು, ಎಲ್ಲವನ್ನೂ ಚಿತ್ರದಲ್ಲಿ ತೋರಿಸಿದ್ದೇನೆ. ಕೆಂಪು ಬಾಣ ನೋಡು. ಫೋನ್ ಮಾಡೋಣ ಅಂದುಕೊಂಡೆ. ನೀನು ಕೆಲಸದಲ್ಲಿರುತ್ತೀಯ, ಬಾಯಲ್ಲಿ ಹೇಳಿದರೆ ಗೊಂದಲವಾದೀತು, ಚಿತ್ರವಿದ್ದರೆ ವಾಸಿ ಅನಿಸಿತು. ಶುಕ್ರವಾರದ ಗಾಡಿಗೆ ಹಾಕುತ್ತೇನೆ. ತಲುಪಿದ ಕೂಡಲೇ ಮಾಡು.

ತಮ್ಮ


ಮೇ ೬

ಪಾಪು,

ನಿನ್ನ ಚಿತ್ರ ತಲುಪಿತು. ತುಂಬ ಚೆನ್ನಾಗಿದೆ. ಕೆಂಪು ಬಾಣ ಗೆರೆ ಎಳೆದಷ್ಟು ನೇರ. ಅದು ಬರುವ ಹೊತ್ತಿಗೆ ಅಮ್ಮ ಬಿದ್ದು ಮೂರು ದಿನವಾಗಿತ್ತು.

ಮಧ್ಯಾಹ್ನ ಒಬ್ಬ ಹೃದಯದ ಡಾಕ್ಟರ ಮಾತು ಟೈಪ್ ಮಾಡುತ್ತಿದ್ದೆ. ಫೋನು ಕೀಬೋರ್ಡಿನ ಪಕ್ಕದಲ್ಲೇ ಇತ್ತು, ಸುಮ್ಮನಿತ್ತು. ಸುಮ್ಮನಿದೆಯಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಟೀ ಮಾಡಲು ಇಳಿದಾಗ ಅವಳು ನೆಲದ ಮೇಲಿದ್ದಳು, ಆ ಚಾಪೆಯ ಮೇಲೇ. ಎಡಗೈ ಮೈಕೆಳಗೆ ಸಿಕ್ಕಿತ್ತು. ಎಷ್ಟು ಹೊತ್ತಿನಿಂದಲೋ ತಿಳಿಯದು. “ಪಾಪೂ ಅಂತ ಕೂಗಿ ಕೂಗಿ ಗಂಟಲು ಹೋಯ್ತು, ಒಬ್ಬರಾದ್ರೂ ಓ ಅನ್ನಬಾರದಾ?” ಅಂದಳು. ಅತ್ತಿರಲೂ ಇಲ್ಲ. ಕೇಳಿದಳು, ಅಷ್ಟೇ.

ಮಣಿಕಟ್ಟು ಮುರಿದಿದೆ. ಇದ್ದ ಒಂದು ಕೈಯೂ ಈಗ ಪ್ಲಾಸ್ಟರಿನಲ್ಲಿದೆ. ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಿದೆ, ತಿಂಗಳ ಕೊನೆಯೊಳಗೆ ಹೇಳಿ ಅಂದಿದ್ದಾರೆ. ಹೂಂ ಅಂದುಬಿಡುತ್ತೇನೆ ಅಂತಲೇ ಕಾಣುತ್ತದೆ. ನನ್ನ ಕೈಲಿ ಇನ್ನಾಗುವುದಿಲ್ಲ.

ನಿನ್ನ ನಿಯಮ ತಪ್ಪಿತ್ತು ಅಂತ ನನಗೆ ಸಿಟ್ಟಿಲ್ಲ. ಎಲ್ಲರೂ ಒಂದೊಂದು ಮರೆಯುತ್ತಾರೆ. ಪಾಪು, ತಪ್ಪು ನಿನಗೆ ಮೊದಲೇ ಹೊಳೆದಿತ್ತು. ಕಾವಲುಗಾರನ ಮೇಜಿನ ಮೇಲೆ ಫೋನಿತ್ತು. ‘ಅಕ್ಕ, ಚಾಪೆ ಕೆಲಸ ಮಾಡ್ತಿಲ್ಲ’ ಅನ್ನಲು ಎಷ್ಟು ಹೊತ್ತು ಬೇಕು? ನೀನು ಕೂತು ಬಣ್ಣದ ಪೆನ್ಸಿಲ್ ಚೂಪು ಮಾಡಿದೆ.

ಫೋನ್ ಮಾಡಿದರೆ ನಾನು ‘ಯಾವಾಗ ಬರುತ್ತೀಯ’ ಅಂತ ಕೇಳಿಬಿಟ್ಟೇನು ಅನ್ನುವ ಭಯ ನಿನಗೆ. ನನಗೆ ಗೊತ್ತು. ಅಮ್ಮ ಬಿದ್ದ ದಿನ ನಾನೂ ಫೋನ್ ಮಾಡಲಿಲ್ಲ, ನೀನು ‘ಛೇ’ ಅಂದು ಸುಮ್ಮನಾಗುವುದನ್ನು ಕೇಳುವ ಶಕ್ತಿ ಇರಲಿಲ್ಲ. ಎರಡು ವರ್ಷದಿಂದ ನಿನ್ನ ಹೆಸರಿಗೆ ನಾನು ಓ ಅನ್ನುತ್ತಿದ್ದೇನೆ. ನನಗೂ ಒಂದು ಹೆಸರಿತ್ತು. ಅಮ್ಮ ಪುಟ್ಟಿ ಅಂತ ಕರೆಯುತ್ತಿದ್ದಳು. ಈ ಮನೆಯಲ್ಲಿ ಅದನ್ನು ಕೇಳದೆ ಅಷ್ಟೇ ಕಾಲವಾಯಿತು.

ಕೆಂಪು ಬಾಣದ ಪ್ರಕಾರ ದಾರಿ ತೆರೆದಿದ್ದೇನೆ. ಚಾಪೆ ಈಗ ಸರಿಯಾಗಿ ಕೆಲಸ ಮಾಡುತ್ತಿದೆ.

ಅಕ್ಕ


ಮೇ ೧೩

ಅಕ್ಕ,

ಸಮಜಾಯಿಷಿ ಬರೆಯುವುದಿಲ್ಲ, ನೀನು ಬರೆದದ್ದೆಲ್ಲ ನಿಜ.

ಎರಡು ತಿಂಗಳು ಸಂಬಳವಿಲ್ಲದ ರಜೆ ಕೇಳಿ ತೆಗೆದುಕೊಂಡೆ. ಶುಕ್ರವಾರದ ಗಾಡಿಯಲ್ಲಿ ಹೊರಡುತ್ತೇನೆ. ಈ ಕಾಗದವೂ ಅದೇ ಗಾಡಿಯಲ್ಲಿ ಬರುತ್ತದೆ, ಯಾರು ಮೊದಲು ತಲುಪುತ್ತೇವೋ ನೋಡೋಣ. ಆರೈಕೆ ಮನೆಗೆ ಹೂಂ ಅನ್ನಬೇಡ. ನಾನು ಬಂದಮೇಲೆ ನೀನು ರಜೆ ಹಾಕಿ ನಿನ್ನ ಬೇಕರಿ ಗೆಳತಿಯ ಮನೆಗೆ ಹೋಗು. ನಾಲ್ಕು ದಿನಕ್ಕಲ್ಲ, ಸಾಕು ಅನ್ನಿಸುವಷ್ಟು.

ಇದನ್ನು ಫೋನಿನಲ್ಲೇ ಹೇಳಬೇಕು ಎಂದು ಮೇಜಿನ ತನಕ ಹೋದೆ. ನಂಬರ್ ಒತ್ತಿದೆ. ನೀನು ಹಲೋ ಅಂದೆ. ನಾನು ಇಟ್ಟುಬಿಟ್ಟೆ. ಮಂಗಳವಾರ ಬೆಳಿಗ್ಗೆ ಬಂದದ್ದು ರಾಂಗ್ ನಂಬರ್ ಅಲ್ಲ.

ಪಾಪು


ಜೂನ್ ೯

ಅಕ್ಕ,

ಈಗ ಈ ಮನೆಯಲ್ಲಿ ಬೇಕಾದಷ್ಟು ವೈಫೈ ಇದೆ, ಆದರೂ ಕಾಗದವೇ ಕೈಗೆ ಬರುತ್ತದೆ. ನೀನೂ ಫೋನನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೀಯ ಅಂತ ನಿನ್ನ ಗೆಳತಿ ಹೇಳಿದಳು, ಒಳ್ಳೆಯದೇ ಮಾಡಿದೆ.

ಅಮ್ಮನ ಊಟ, ಮಾತ್ರೆ, ನರ್ಸಮ್ಮನ ಬೈಗುಳ ಎಲ್ಲ ಸರಿಯಾಗಿ ನಡೆಯುತ್ತಿವೆ. ಮೊದಲ ವಾರ ಹಾಲು ಎರಡು ಸಲ ಉಕ್ಕಿಸಿದೆ. ಅಮ್ಮನನ್ನು ಎತ್ತಿ ಕೂರಿಸುವಾಗ ನನ್ನ ಸೊಂಟ ಹಿಡಿದುಕೊಂಡು, ಇಬ್ಬರೂ ಮಂಚದ ಅಂಚಿನಲ್ಲಿ ‘ಅಯ್ಯಯ್ಯೋ’ ಅನ್ನುತ್ತ ಕೂತಿದ್ದೆವು. ಇದನ್ನು ನೀನು ದಿನಾ ಒಬ್ಬಳೇ ಮಾಡುತ್ತಿದ್ದೆ. ಕಾಗದದಲ್ಲಿ ಓದಿದಾಗ ಇಷ್ಟು ಭಾರವಿರಲಿಲ್ಲ.

ನಿನಗೆ ಒಂದು ತಮಾಷೆ ಹೇಳಬೇಕು. ಬಾಗಿಲು ದಾಟಿದ ಕೂಡಲೇ ನಾನೇ ನನ್ನ ಫೋನನ್ನು ಅತಿಥಿ ಜಾಲಕ್ಕೆ ಸೇರಿಸಿಕೊಂಡಿದ್ದೆ. ನೀನು ಹೊರಟ ದಿನ ಅಮ್ಮ ಕಾಲಿಳಿಸಿದಳು, ನನ್ನ ಫೋನು ನಡುಗಲೇ ಇಲ್ಲ. ಅತಿಥಿಗೆ ಮನೆಯ ಒಂದು ವಸ್ತುವೂ ಕಾಣಿಸದು ಎಂದು ಬರೆದವನು ನಾನೇ ತಾನೇ. ಪುಣ್ಯಕ್ಕೆ ಕೋಣೆಯಲ್ಲೇ ಇದ್ದೆ, ಅವಳನ್ನು ಹಿಡಿದುಕೊಂಡೆ. ನಿಯಮ ಬದಲಿಸುವುದು ನನಗೆ ಎರಡು ನಿಮಿಷದ ಕೆಲಸ. ಆದರೆ ನನ್ನನ್ನು ‘ಮನೆ’ಗೆ ನಾನೇ ಸೇರಿಸಿಕೊಳ್ಳಲು ಕೈ ಬರಲಿಲ್ಲ. ಅದನ್ನು ನೀನು ಮಾಡಬೇಕು. ಅಲ್ಲಿಯವರೆಗೆ ಇರಲಿ ಎಂದು ನನ್ನ ಹಾಸಿಗೆಯನ್ನು ಅಮ್ಮನ ಬಾಗಿಲಿನ ಹೊರಗೆ ಹಾಕಿಕೊಂಡಿದ್ದೇನೆ. ಕೂಗಿದರೆ ಕೇಳಿಸುತ್ತದೆ, ಜಾಲ ಬೇಕಾಗಿಲ್ಲ.

ಆರೈಕೆ ಮನೆಗೆ ಬೇಡ ಎಂದು ಹೇಳಿಬಂದೆ. ಆರು ವಾರ ಕಣಿವೆಯಲ್ಲಿ, ಆರು ವಾರ ಇಲ್ಲಿ ಇರುತ್ತೇನೆ ಎಂದು ನಿರ್ದೇಶಕರಿಗೆ ಬರೆದಿದ್ದೇನೆ. ‘ನೋಡೋಣ’ ಅಂದಿದ್ದಾರೆ. ಆ ಮೌಸಿನ ಸಿಟ್ಟು ಇನ್ನೂ ಇದ್ದಂತಿದೆ. ಆಗುವುದಿಲ್ಲ ಅಂದರೆ ಕಣಿವೆಯನ್ನೇ ಬಿಡುತ್ತೇನೆ, ಅಮ್ಮನನ್ನಲ್ಲ.

ಇನ್ನೊಂದು ಮಾತು. ಇದನ್ನು ಹೇಳಲೆಂದೇ ಈ ಕಾಗದ ಶುರುಮಾಡಿದ್ದು, ಕೊನೆಗೆ ಬಂತು. ನಾನು ಬಂದಮೇಲೆ ಅಮ್ಮ ಪಾಪೂ ಎಂದು ಕೂಗುವುದನ್ನು ಬಿಟ್ಟಿದ್ದಾಳೆ. ಮೊದಲ ದಿನ ನನ್ನನ್ನು ನೋಡಿ “ಯಾವಾಗ ಬಂದೆ?” ಅಂದಳು, ಅಷ್ಟೇ. ಈಗ ನೀರು ಬೇಕಾದರೂ, ಹೊದಿಕೆ ಜಾರಿದರೂ ಒಂದೇ ಕೂಗು: ‘ಪುಟ್ಟೀ’. ನಾನು ‘ಓ’ ಎಂದು ಹೋಗುತ್ತೇನೆ. ನನ್ನ ಮುಖ ನೋಡಿ, “ನೀನಾ? ಇರ್ಲಿ ಬಿಡು” ಅನ್ನುತ್ತಾಳೆ.

ನಿನ್ನ
ಪಾಪು


ಜೂನ್ ೧೮

ಪಾಪು,

ನಿನ್ನ ಕಾಗದವನ್ನು ಕಡಲ ದಂಡೆಯ ಬೆಂಚಿನ ಮೇಲೆ ಓದಿದೆ. ಕೊನೆಯ ಪ್ಯಾರಾ ಓದಿ ಅಲ್ಲೇ ಒಬ್ಬಳೇ ಜೋರಾಗಿ ‘ಓ’ ಅಂದುಬಿಟ್ಟೆ. ಪಕ್ಕದಲ್ಲಿ ನಾಯಿ ಹಿಡಿದುಕೊಂಡಿದ್ದವರು ನನ್ನನ್ನು ನೋಡಿ ಬೇರೆ ಬೆಂಚಿಗೆ ಹೋದರು. ಆಮೇಲೆ ಚೆನ್ನಾಗಿ ಅತ್ತೆ. ಇಲ್ಲಿ ನಲ್ಲಿ ಬಿಟ್ಟುಕೊಳ್ಳುವ ಅಗತ್ಯವಿರಲಿಲ್ಲ.

ಬೆಳಿಗ್ಗೆ ಗೆಳತಿಯ ಜೊತೆ ಬ್ರೆಡ್ಡಿಗೆ ಹಿಟ್ಟು ನಾದುತ್ತೇನೆ, ಮಧ್ಯಾಹ್ನ ನಿದ್ದೆ ಮಾಡುತ್ತೇನೆ. ಆಯಾಸ ಹೋಗಿಲ್ಲ, ಅದು ಅಷ್ಟು ಬೇಗ ಹೋಗುವಂಥದ್ದಲ್ಲ. ಆದರೆ ಏಳುವಾಗ ಯಾರು ಕೂಗಿದರು ಎಂದು ಬೆಚ್ಚಿಬೀಳುವುದು ನಿಂತಿದೆ.

ನಿನ್ನನ್ನು ‘ಮನೆ’ಗೆ ಸೇರಿಸುವ ವಿಷಯ, ನಾನು ಬಂದಮೇಲೆ ನೋಡೋಣ. ಅವಸರವಿಲ್ಲ. ಹಾಸಿಗೆ ಈಗಿರುವ ಕಡೆಯೇ ಇರಲಿ.

ಬರುವುದು ಈ ವಾರವಲ್ಲ, ಮುಂದಿನ ವಾರವೂ ಅಲ್ಲ. ಅಲ್ಲಿಯವರೆಗೆ ನನ್ನ ಹೆಸರಿಗೆ ನೀನೇ ಓ ಅನ್ನು.

ಪುಟ್ಟಿ